ನಿಕಾಹ್‌ನಾಮೆ ಮತ್ತು ಮೂವತ್ತು ದಿನಗಳ ವೀಸಾ

2024ರ ಜನವರಿಯಲ್ಲಿ ಆರ್.ಟಿ. ನಗರದ ಮಸೀದಿಯೊಂದರಲ್ಲಿ ನಾವು ನಮ್ಮ ಅಕ್ಕನ ಮಗನ ನಿಕಾಹ್ ನೆರವೇರಿಸಿದೆವು. ವಧುವಿನ ಊರು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಡಾಂಗ್. ಹುಡುಗನು ಮಲೇಷ್ಯಾದ ಗೊಂಬಾಕ್‌ನಲ್ಲಿರುವ ಅಂತರರಾಷ್ಟ್ರೀಯ ಇಸ್ಲಾಮೀ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಗ ಆದ ಪರಿಚಯವದು. ಬಳಿಕ ಎರಡೂ ಮನೆಗಳ ಹಿರಿಯರು ಮಾತಾಡಿ ಒಪ್ಪಿಕೊಂಡರು. ಅವರು ಶಾಫಿಈ ಮದ್‌ಹಬಿನವರಾದ್ದರಿಂದ ವಲಿಯ ಸಮ್ಮುಖವಿಲ್ಲದೆ ನಿಕಾಹ್ ಆಗದು ಎಂದು ವಧುವಿನ ತಂದೆಯೇ ಮಗಳೊಡನೆ ಬಂದರು. ಇಜಾಬ್, ಕಬೂಲ್, ಸಾಕ್ಷಿಗಳು, ಮಹ್ರ್, ಖುತ್‌ಬಾ, ನಿಕಾಹ್‌ನಾಮೆಗೆ ಸಹಿ, ಕೊನೆಗೆ ಖರ್ಜೂರ ಹಂಚಿಕೆ. ಯಾವುದರಲ್ಲೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನಾವು ಕೊಟ್ಟಿದ್ದ ಸಲಹೆಯಲ್ಲಿ.

ಅದಕ್ಕೂ ಎರಡು ತಿಂಗಳ ಮೊದಲು ಹುಡುಗನು ನಮ್ಮಲ್ಲಿಗೆ ಬಂದು, ‘ಮಾಮೂ, ಅವಳನ್ನು ಯಾವ ವೀಸಾದಲ್ಲಿ ಕರೆಸಲಿ?’ ಎಂದು ಕೇಳಿದ್ದನು. ನಮಗೆ ವೀಸಾದ ವಿಷಯದಲ್ಲಿ ಇದ್ದ ಅರಿವು ಉಮ್ರಾ ಯಾತ್ರೆಯದಷ್ಟೇ. ಆದರೂ ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಕೇಳಿದ ಪ್ರಶ್ನೆಗೆ ‘ಗೊತ್ತಿಲ್ಲ’ ಎನ್ನಲು ನಾಲಗೆ ಏಳುವುದಿಲ್ಲ. ‘ಪ್ರವಾಸಿ ವೀಸಾದಲ್ಲಿ ಬರಲಿ, ನಿಕಾಹ್ ಆಗಿಬಿಡಲಿ, ಆಮೇಲೆ ಕಾಗದಪತ್ರ ನೋಡಿಕೊಳ್ಳೋಣ’ ಎಂದೆವು. ಅಂತರ್ಜಾಲದಲ್ಲೇ ಸಿಗುವ ಮೂವತ್ತು ದಿನಗಳ ಇ-ಪ್ರವಾಸಿ ವೀಸಾ ಅಗ್ಗವೂ ಸುಲಭವೂ ಆಗಿದ್ದುದರಿಂದ ಎಲ್ಲರಿಗೂ ಆ ಮಾತು ರುಚಿಸಿತು.

ನಿಕಾಹ್ ಮುಗಿದ ನಾಲ್ಕನೆಯ ದಿನ ನಿಕಾಹ್‌ನಾಮೆಯನ್ನು ಹಿಡಿದು ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದೆವು. ಅಲ್ಲಿದ್ದ ಗುಮಾಸ್ತರು ಸೌಜನ್ಯದಿಂದಲೇ ಮಾತಾಡಿದರು. ವಿದೇಶಿ ಪ್ರಜೆಯ ವಿಷಯವಾದ್ದರಿಂದ 1954ರ ವಿಶೇಷ ವಿವಾಹ ಕಾಯಿದೆಯ ಅಡಿಯಲ್ಲಿ ನೋಂದಾಯಿಸುವುದು ಲೇಸು, ಬೇರೆ ವಿಧಿಯಲ್ಲಿ ಈಗಾಗಲೇ ನಡೆದ ಮದುವೆಯನ್ನೂ ಅದರ 15ನೆಯ ಕಲಮಿನಂತೆ ನೋಂದಾಯಿಸಬಹುದು ಎಂದರು. ನಾವು ಸಮಾಧಾನದಿಂದ ಉಸಿರು ಬಿಡುವಷ್ಟರಲ್ಲಿ ಅವರು ಮುಂದುವರಿಸಿದರು. ಅರ್ಜಿ ಕೊಡುವ ಮುನ್ನ ದಂಪತಿಗಳು ಆ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಾಗಿರಬೇಕು. ಅರ್ಜಿ ಕೊಟ್ಟ ಬಳಿಕ ಆಕ್ಷೇಪಣೆಗಾಗಿ ಇನ್ನೂ ಮೂವತ್ತು ದಿನ ಕಾಯಬೇಕು. ಒಟ್ಟು ಅರವತ್ತು. ನಮ್ಮ ಸೊಸೆಯ ವೀಸಾದಲ್ಲಿದ್ದದ್ದು ಮೂವತ್ತು, ಅದರಲ್ಲಿ ಹನ್ನೆರಡು ಆಗಲೇ ಕಳೆದಿದ್ದವು. ವೀಸಾ ವಿಸ್ತರಿಸೋಣವೆಂದು ನೋಡಿದರೆ, ಇ-ವೀಸಾವನ್ನು ವಿಸ್ತರಿಸಲಾಗದು, ಬೇರೆ ಬಗೆಯ ವೀಸಾ ಆಗಿ ಪರಿವರ್ತಿಸಲೂ ಆಗದು ಎಂಬ ಷರತ್ತು ಮೊದಲಿನಿಂದಲೇ ಇತ್ತು. ಅದನ್ನು ನಾವು ಯಾರೂ ಓದಿರಲಿಲ್ಲ. ರಾಯಭಾರ ಕಚೇರಿಯು ಪಾಸ್‌ಪೋರ್ಟಿಗೆ ಅಂಟಿಸಿಕೊಡುವ ಸಾಮಾನ್ಯ ಪ್ರವಾಸಿ ವೀಸಾದಲ್ಲಿ ಬಂದವರು ಭಾರತೀಯರನ್ನು ಮದುವೆಯಾದರೆ ಇಲ್ಲಿಯೇ ಎಂಟ್ರಿ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕುವ ದಾರಿಯುಂಟು. ಅದಕ್ಕೂ ಮದುವೆಯ ನೋಂದಣಿ ಪತ್ರವೇ ಬೇಕು.

ಕುರ್‌ಆನಿನ ಅತಿ ದೀರ್ಘ ಆಯತ್ ಯಾವುದೆಂದು ನಾವು ಪ್ರತಿ ವರ್ಷ ಮಕ್ಕಳಿಗೆ ಕೇಳುತ್ತೇವೆ. ಅಲ್‌ಬಕರಾ ಅಧ್ಯಾಯದ 282ನೆಯದು. ಸ್ವರ್ಗ ನರಕಗಳ ಕುರಿತಲ್ಲ, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತು. ಬರವಣಿಗೆಗೆ ಅಷ್ಟು ಬೆಲೆ ಕೊಟ್ಟ ಗ್ರಂಥವನ್ನು ಕಲಿಸುವ ನಾವು ಒಂದು ಹೆಣ್ಣುಮಗಳ ಬಾಳಿನ ವಿಷಯದಲ್ಲಿ ‘ಆಮೇಲೆ ನೋಡಿಕೊಳ್ಳೋಣ’ ಎಂದಿದ್ದೆವು.

ಫೆಬ್ರವರಿಯ ಮೊದಲ ವಾರದಲ್ಲಿ ಅವಳನ್ನು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆವು. ತಂದೆ ಮೊದಲೇ ಹೋಗಿದ್ದರು. ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಪಾ ಮಾತ್ರ ಸೊಸೆಯ ಕೈ ಹಿಡಿದುಕೊಂಡೇ ಕುಳಿತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮಾರ್ಚಿಯಲ್ಲಿ ರಮಝಾನ್ ಬಂತು. ಸಹರಿಯ ಹೊತ್ತಿಗೆ ಹುಡುಗ ಫೋನಿನಲ್ಲಿ ಅವಳೊಡನೆ ಮಾತಾಡುತ್ತಿದ್ದ. ಒಮ್ಮೆ ಅವಳು, ‘ನಾನು ಯಾವ ದೇಶದಲ್ಲಿ ಹೆಂಡತಿ?’ ಎಂದು ಕೇಳಿದಳಂತೆ. ಅವನು ಆ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟು ಸುಮ್ಮನೆ ಕುಳಿತನು. ಗದರಿದ್ದರೂ ನಮಗೆ ಅಷ್ಟು ನೋಯುತ್ತಿರಲಿಲ್ಲ.

ಪಡಾಂಗಿನಿಂದ ಬೀಗರು ಒಂದು ದಾರಿ ಸೂಚಿಸಿದರು. ಹುಡುಗ ಅಲ್ಲಿಗೆ ಬಂದು ಅವರ ಸರಕಾರಿ ಧಾರ್ಮಿಕ ಕಚೇರಿಯಲ್ಲಿ ಇನ್ನೊಮ್ಮೆ ನಿಕಾಹ್ ಮಾಡಿಕೊಳ್ಳಲಿ. ಅಲ್ಲಿ ಕೊಡುವ ನಿಕಾಹ್ ಪುಸ್ತಕಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸಿದರೆ ಭಾರತದಲ್ಲೂ ನಡೆಯುತ್ತದೆ. ಇಂಡೋನೇಷ್ಯಾ ಆ ಒಪ್ಪಂದಕ್ಕೆ 2022ರಿಂದ ಸೇರಿದೆ. ಮಾತೇನೋ ಸರಿ, ಮೊದಲೇ ಹಾಗೆ ಮಾಡಿದ್ದರೆ ಅದೇ ಎಲ್ಲಕ್ಕಿಂತ ನೇರ ದಾರಿಯಾಗುತ್ತಿತ್ತು. ಆದರೆ ವಿದೇಶಿ ವರನು ತಾನು ಅವಿವಾಹಿತನೆಂದು ತನ್ನ ದೇಶದ ರಾಯಭಾರ ಕಚೇರಿಯಿಂದ ಪತ್ರ ತರಬೇಕು. ಅಲ್ಲಾಹನ ಮನೆಯಲ್ಲಿ ಜಮಾಅತಿನ ಮುಂದೆ ಕಬೂಲ್ ಎಂದವನು ಇನ್ನೊಂದು ಕಡೆ ‘ನನಗೆ ಮದುವೆಯಾಗಿಲ್ಲ’ ಎಂದು ಪ್ರಮಾಣ ಮಾಡುವುದು ಹೇಗೆ? ‘ಕಾಗದಕ್ಕಾಗಿ ಒಂದು ಮಾತು ತಾನೇ’ ಎಂದವರು ನಮ್ಮ ಮನೆಯಲ್ಲೇ ಇದ್ದರು. ಹುಡುಗ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಅವನು ಒಪ್ಪದಿದ್ದುದರಿಂದ ನಾವು ಒಪ್ಪಿಬಿಡುವ ಅಪಾಯದಿಂದ ಪಾರಾದೆವು.

ರಾಜ್ಯ ಸರಕಾರವು 2023ರಲ್ಲಿ ಮುಸ್ಲಿಮರಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ವಹಿಸಿದ ಆದೇಶವನ್ನೂ ಕೆಲವರು ನೆನಪಿಸಿದರು. ವಿದೇಶಕ್ಕೆ ಹೋಗುವವರಿಗೆ ಅನುಕೂಲವಾಗಲೆಂಬ ಕಾರಣವನ್ನೇ ಅದಕ್ಕೆ ಕೊಡಲಾಗಿತ್ತು. ನಾವು ಕಂಡ ವಕೀಲರು ಬೇಡವೆಂದರು. 2024ರ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿದಾಗ ಅವರ ಮಾತಿನ ಬೆಲೆ ನಮಗೆ ತಿಳಿಯಿತು.

ಹಾಗಾದರೆ ಉಳಿದದ್ದು ವಿಶೇಷ ವಿವಾಹ ಕಾಯಿದೆ. ಇಲ್ಲಿ ನಮ್ಮ ಮನಸ್ಸು ಹಿಂದೆಗೆಯಿತು ಎಂಬುದನ್ನು ಮುಚ್ಚಿಡಲಾರೆವು. ಮದರಸಾದಲ್ಲಿ ಕಲಿತವರಿಗೆ ಆ ಕಾಯಿದೆಯ ಹೆಸರೇ ಒಂದು ಬಗೆಯ ಮುಜುಗರ. ನಮ್ಮ ಶಂಕೆ ಬರಿಯ ಹೆಸರಿನದಲ್ಲ. ಅದರಡಿ ನೋಂದಾಯಿತರಾದವರ ಆಸ್ತಿಯ ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ, ಫರಾಇಝ್ ಅಲ್ಲ. ನಾವು ಈ ಮಾತನ್ನು ಎತ್ತಿದಾಗ ವಕೀಲರು ನಕ್ಕು, ‘ಉಸ್ತಾದರೇ, ಆ ಕಾಯಿದೆ ಉಯಿಲು ಬರೆಯಬೇಡ ಎಂದಿಲ್ಲವಲ್ಲ’ ಎಂದರು. ಶರೀಅತ್ ಗೊತ್ತುಪಡಿಸಿದ ಪಾಲುಗಳಂತೆಯೇ ಹಂಚಿಕೆಯಾಗಲೆಂದು ಹುಡುಗನು ಉಯಿಲು ಬರೆದಿಡಬಹುದು. ನಮಗೆ ತಿಳಿಯದೆ ಇದ್ದುದನ್ನು ಮುಸ್ಲಿಮೇತರರಾದ ಆ ಹಿರಿಯರು ನಮ್ಮ ದೀನಿನ ಪರವಾಗಿ ಯೋಚಿಸಿ ಹೇಳಿದರು. ಉಯಿಲಿನ ಕರಡನ್ನು ನಾವೇ ಕನ್ನಡದಲ್ಲಿ ಬರೆದೆವು. ಬಿ.ಎ. ಪದವಿಯಿಂದ ಆದ ಉಪಕಾರಗಳಲ್ಲಿ ಅದೂ ಒಂದು.

ಈದ್ ಮುಗಿದ ಮೇಲೆ, ಏಪ್ರಿಲಿನಲ್ಲಿ, ಅವಳು ಎರಡನೆಯ ಬಾರಿ ಬಂದಳು. ಈ ಸಲ ತಂದದ್ದು ವರ್ಷಾವಧಿಯ ಇ-ಪ್ರವಾಸಿ ವೀಸಾ. ಅದರಲ್ಲಿ ಒಂದು ಬಾರಿಗೆ 90 ದಿನ ಇರಬಹುದಾಗಿತ್ತು. ಆಗ ವಿದೇಶಿಯರು ಮನೆಯಲ್ಲಿ ತಂಗಿದರೆ 24 ಗಂಟೆಗಳೊಳಗೆ ಫಾರ್ಮ್ ಸಿ ತುಂಬಬೇಕಿತ್ತು. ಅದನ್ನು ಭಾವನವರು ಎರಡೂ ಸಲ ಮೊದಲ ರಾತ್ರಿಯೇ ಮಾಡಿದ್ದರು, ಇಡೀ ಪ್ರಕರಣದಲ್ಲಿ ನಮ್ಮ ಮನೆಯವರು ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ ಅದೊಂದೇ. ಮೂವತ್ತು ದಿನ ಎಣಿಸಿ ಅರ್ಜಿ ಕೊಟ್ಟೆವು. ಇನ್ನೊಂದು ಮೂವತ್ತು ದಿನ ನೋಟಿಸು ಕಚೇರಿಯ ಫಲಕದ ಮೇಲಿತ್ತು. ಆಕ್ಷೇಪಣೆ ಬರಲಿಲ್ಲ. ನಿಕಾಹ್‌ಗೆ ಇಬ್ಬರು ಸಾಕ್ಷಿಗಳು ಸಾಕಾಗಿತ್ತು, ಇಲ್ಲಿ ಮೂವರು. ಮೂರನೆಯವರಾಗಿ ನಾವು ಸಹಿ ಹಾಕಿದೆವು. ಜುಲೈ ಆರಂಭದಲ್ಲಿ ಪ್ರಮಾಣಪತ್ರ ಕೈಗೆ ಬಂತು.

ಅವಳು ಅದನ್ನು ಹಿಡಿದು ಮತ್ತೆ ವಿಮಾನ ಹತ್ತಿದಳು. ಜಕಾರ್ತಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಭಾರತೀಯರ ಪತ್ನಿ ಎಂಬ ಆಧಾರದ ಮೇಲೆ ಎಂಟ್ರಿ ವೀಸಾಕ್ಕೆ ಅರ್ಜಿ ಹಾಕಿದಳು. ಎಕ್ಸ್ ವೀಸಾ ಎಂದು ಕರೆಯುವುದು ಇದನ್ನೇ. ಮೊದಲ ದಿನದಿಂದಲೇ ನಾವು ಹಿಡಿಯಬೇಕಾಗಿದ್ದ ದಾರಿ ಇದು.

ಆ ದಿನಗಳಲ್ಲಿ ಉಮ್ಮು ಸಲಮಾ (ರ) ಅವರ ವೃತ್ತಾಂತ ನಮಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಪತಿ ಅಬೂ ಸಲಮಾ (ರ) ಮದೀನಕ್ಕೆ ಹೊರಟಾಗ ಅವರ ಕುಲದವರು ಅವರನ್ನು ಮಕ್ಕಾದಲ್ಲೇ ತಡೆದರು, ಪತಿಯ ಕುಲದವರು ಮಗುವನ್ನು ಕಿತ್ತುಕೊಂಡರು. ಸುಮಾರು ಒಂದು ವರ್ಷ ಅವರು ದಿನವೂ ಊರ ಹೊರಗೆ ಹೋಗಿ ಕುಳಿತು ಅಳುತ್ತಿದ್ದರು. ಕೊನೆಗೆ ಬಿಡುಗಡೆಯಾಗಿ ಮಗುವಿನೊಡನೆ ಒಂಟಿಯಾಗಿ ಹೊರಟಾಗ, ತನ್‌ಈಮಿನಲ್ಲಿ ಎದುರಾಗಿ ಮದೀನದವರೆಗೂ ಗೌರವದಿಂದ ತಲುಪಿಸಿದವರು ಉಸ್ಮಾನ್ ಇಬ್ನ್ ತಲ್ಹಾ. ಅವರು ಆಗಿನ್ನೂ ಇಸ್ಲಾಂ ಸ್ವೀಕರಿಸಿರಲಿಲ್ಲ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಹೇಳುವಾಗ ನಮ್ಮ ಗಮನ ಹಿಜ್ರಾದ ತ್ಯಾಗದ ಮೇಲಿರುತ್ತಿತ್ತು, ಆ ಒಂದು ವರ್ಷದ ಒಂದೊಂದು ಸಂಜೆಯ ಮೇಲಲ್ಲ.

ಸೆಪ್ಟೆಂಬರಿನಲ್ಲಿ ಅವಳು ಬಂದಳು. ಆರು ತಿಂಗಳಿಗೂ ಮೀರಿದ ವೀಸಾ ಆದ್ದರಿಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಆಗಬೇಕಿತ್ತು. 2018ರಿಂದ ಈ ಕೆಲಸ ಇ-ಎಫ್‌ಆರ್‌ಆರ್‌ಒ ತಾಣದಲ್ಲೇ ನಡೆಯುತ್ತದೆ, ಕರೆದರೆ ಮಾತ್ರ ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ ಹೋಗಬೇಕು. ಉದ್ಯೋಗಕ್ಕೆ ಸೇರಲು ಈ ವೀಸಾ ತಾನಾಗಿಯೇ ಹಕ್ಕು ಕೊಡುವುದಿಲ್ಲ. ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ, ಅಂದರೆ ಒಸಿಐಗೆ, ಅರ್ಜಿ ಹಾಕಬಹುದು. ಅದು ದೊರೆತರೆ ಕೆಲಸ ಮಾಡಬಹುದು, ಮತ ಹಾಕುವಂತಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ಮದುವೆ ಮುರಿದರೆ ಕಾರ್ಡೂ ಉಳಿಯದು. ಪೂರ್ಣ ಪೌರತ್ವ ಬೇಕೆಂದರೆ ಏಳು ವರ್ಷ ಇಲ್ಲಿ ವಾಸವಾಗಿರಬೇಕು, ಆಗ ತನ್ನ ದೇಶದ ಪಾಸ್‌ಪೋರ್ಟನ್ನು ಬಿಡಬೇಕಾಗುತ್ತದೆ. ಅದು ಅವಳೊಬ್ಬಳೇ ನಿರ್ಧರಿಸಬೇಕಾದ ವಿಷಯ, ಅತ್ತೆಮಾವಂದಿರದ್ದಲ್ಲ ಎಂದು ನಾವು ಆಪಾಗೆ ಹೇಳಿದ್ದೇವೆ.

ಈ ದಾರಿ ಎಲ್ಲರಿಗೂ ತೆರೆದಿಲ್ಲ. ಭಟ್ಕಳದ ಕೆಲವು ಕುಟುಂಬಗಳಿಗೆ ಕರಾಚಿಯೊಂದಿಗೆ ಹಳೆಯ ನೆಂಟಸ್ತಿಕೆ ಇದೆ. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರತ್ವದ ಹಿನ್ನೆಲೆಯವರಿಗೆ ಒಸಿಐ ಇಲ್ಲ. ಪಾಕಿಸ್ತಾನದಿಂದ ಬಂದ ಸೊಸೆಯರು ದೀರ್ಘಾವಧಿ ವೀಸಾದ ಮೇಲೆ ಬಾಳುತ್ತಾರೆ. 2025ರ ಏಪ್ರಿಲಿನಲ್ಲಿ ಪಹಲ್‌ಗಾಮ್ ಹತ್ಯಾಕಾಂಡದ ಬಳಿಕ ಪಾಕಿಸ್ತಾನೀಯರ ವೀಸಾಗಳು ರದ್ದಾದಾಗ ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿ ಇತ್ತು. ಆಗ ಯಾವ ಬಗೆಯ ವೀಸಾ ಎಂಬ ಒಂದು ಪದವೇ ಮನೆಯಲ್ಲಿ ಇರುವವರನ್ನೂ ಅಟ್ಟಾರಿಗೆ ಹೊರಡುವವರನ್ನೂ ಬೇರೆ ಮಾಡಿತು.

ಈಗ ನಮ್ಮಲ್ಲಿಗೆ ನಿಕಾಹ್ ಓದಿಸಬೇಕೆಂದು ಬಂದವರ ಪೈಕಿ ಒಬ್ಬರು ಹೊರದೇಶದವರೆಂದು ತಿಳಿದರೆ ನಾವು ದಿನಾಂಕ ಕೊಡುವ ಮುನ್ನ ಪಾಸ್‌ಪೋರ್ಟ್ ಕೇಳುತ್ತೇವೆ. ಕಳೆದ ತಿಂಗಳು ಗಂಗಾನಗರದ ಹುಡುಗನೊಬ್ಬ ಇದರಿಂದ ಮುನಿಸಿಕೊಂಡು, ‘ನೀವು ಮೌಲವಿಯೋ ಅಧಿಕಾರಿಯೋ?’ ಎಂದು ಕೇಳಿದ. ನಾವು ಅವನನ್ನು ಕೂರಿಸಿ ಚಹಾ ತರಿಸಿದೆವು, ವಕೀಲರ ವಿಳಾಸ ಬರೆದುಕೊಟ್ಟೆವು. ಎರಡು ವಾರ ಬಿಟ್ಟು ಅವನೇ ಬಂದು, ನಿಕಾಹ್ ಅನ್ನು ಹುಡುಗಿಯ ಊರಿನಲ್ಲೇ ಮಾಡಿಕೊಳ್ಳುವುದೆಂದು ತೀರ್ಮಾನಿಸಿರುವುದಾಗಿ ತಿಳಿಸಿದ. ನಮಗೆ ಆಹ್ವಾನವಿದೆ, ವಿಮಾನದ ಟಿಕೆಟ್ ಇಲ್ಲ.

ಆಪಾ ಮನೆಯ ಕಪಾಟಿನಲ್ಲಿ ಒಂದು ನೀಲಿ ಕಡತವಿದೆ. ಅದರೊಳಗೆ ನಿಕಾಹ್‌ನಾಮೆ, ನೋಂದಣಿ ಪ್ರಮಾಣಪತ್ರ, ವೀಸಾದ ಪ್ರತಿ, ಉಯಿಲು. ಎರಡು ವರ್ಷ ತುಂಬುವುದು 2026ರ ಜುಲೈಗೆ. ಸೊಸೆ ಈಗ ನಮ್ಮನ್ನು ‘ಮಾಮೂ’ ಎಂದೇ ಕರೆಯುತ್ತಾಳೆ, ಅಂಗಡಿಯಲ್ಲಿ ಕನ್ನಡದಲ್ಲಿ ಚೌಕಾಶಿ ಮಾಡುತ್ತಾಳೆ. ಕಡತದ ಬೀಗದ ಕೈಯನ್ನು ಆಪಾ ಅವಳ ಬಳಿಯಲ್ಲೇ ಕೊಟ್ಟಿದ್ದಾರೆ.