ಎರಡನೆಯ ವಿಳಾಸ

ಸುಲ್ತಾನ್ ಬಜಾರಿನಲ್ಲಿ ಸಂಸಾರ ಹೂಡಿದವರು ‘ಲೈಬ್ರರಿಯಲ್ಲಿ ತಡವಾಯಿತು’ ಎಂದರೆ ಮನೆಯವರು ತಿಳಿದುಕೊಳ್ಳುವುದು ೧೯೦೧ರಲ್ಲಿ ಸ್ಥಾಪನೆಯಾದ ಶ್ರೀಕೃಷ್ಣದೇವರಾಯಾಂಧ್ರ ಭಾಷಾನಿಲಯವನ್ನು. ಪುಸ್ತಕಗಳು ತೆಲುಗಿನವಾದರೇನು, ಹೆಸರು ನಮ್ಮ ರಾಯನದು. ಆದುದರಿಂದ ನಮ್ಮ ಮನೆಯಾಕೆಗೂ ಆ ಮಾತಿನಲ್ಲಿ ನಂಬಿಕೆ. ಮೊನ್ನೆ ರಾತ್ರಿ ಹನ್ನೆರಡಕ್ಕೆ ಬಂದು ಅದನ್ನೇ ಹೇಳಿದಾಗ ಮಾತ್ರ, “ಇಷ್ಟು ಹೊತ್ತಿನ ತನಕ ಯಾವ ಲೈಬ್ರರಿ ತೆಗೆದಿರ್ತದರೀ?” ಎಂದು ಕೇಳಿಬಿಟ್ಟಳು. ಆಕೆಗೆ ಹೇಳಿದ್ದನ್ನೇ ವಾಚಕರಿಗೂ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮದು ಕಚೇರಿಯ ಟೇಪ್ ಲೈಬ್ರರಿ. ಆಳೆತ್ತರದ ಬೀರು, ಒಳಗೆ ಪುಸ್ತಕಗಳ ಬದಲು ಅಂಗೈಯಗಲದ ಕಾರ್ಟ್ರಿಜ್‌ಗಳು. ೨೦೧೭ರಲ್ಲಿ ಬಂದ ಎಲ್‌ಟಿಓ ಎಂಟನೆಯ ಪೀಳಿಗೆಯ ಕಾರ್ಟ್ರಿಜ್ ಒಂದರಲ್ಲಿ ಅರ್ಧ ಅಂಗುಲ ಅಗಲದ ಟೇಪು ೯೬೦ ಮೀಟರ್ ಸುತ್ತಿದೆ. ಅದರಲ್ಲಿ ೧೨ ಟೆರಾಬೈಟ್ ಹಿಡಿಸುತ್ತದೆ. ಬೇಕಾದುದನ್ನು ತೆಗೆದುಕೊಡಲು ಜವಾನನಿಲ್ಲ. ಯಂತ್ರದ ಕೈಯೊಂದು ಬಾರ್‌ಕೋಡ್ ಓದಿ, ಕಾರ್ಟ್ರಿಜ್ ಎತ್ತಿ, ಡ್ರೈವಿಗೆ ತುರುಕುತ್ತದೆ. ಬಿ.ಎ. ಓದಿದ ನಮಗೆ ಇದರ ಸಹವಾಸ ಬಂದುದು, ದಾಖಲೆ ಕೊಠಡಿಯ ಚಾವಿ ನಮ್ಮಲ್ಲಿದೆ ಎಂಬ ಒಂದೇ ಅರ್ಹತೆಯಿಂದ.

ಟೇಪು ಹಳೆಯ ಕಾಲದ್ದೆಂದು ನಗುವವರುಂಟು. ೨೦೧೧ರ ಫೆಬ್ರವರಿಯಲ್ಲಿ ಜಿಮೇಲ್ ಬಳಸುವವರಲ್ಲಿ ನೂರಕ್ಕೆ ೦.೦೨ರಷ್ಟು ಜನರ ಪತ್ರಗಳು ಮಾಯವಾದವು. ತಂತ್ರಾಂಶದ ದೋಷ ಹಲವು ಪ್ರತಿಗಳಿಗೂ ತಗಲಿತ್ತು. ಯಂತ್ರದಿಂದ ಹೊರಗೆ ಕುಳಿತಿದ್ದ ಟೇಪಿಗೆ ತಗಲಿರಲಿಲ್ಲ. ಅದರಿಂದಲೇ ಪತ್ರಗಳನ್ನು ಹಿಂದಕ್ಕೆ ತಂದರು.

ನಮ್ಮಲ್ಲಿಗೆ ಬಂದವರು ರಾಯಚೂರು ಕಡೆಯ ಒಬ್ಬ ಅಜ್ಜಿ. ಅವರ ಯಜಮಾನರು ಹೈದರಾಬಾದ್ ರಾಜ್ಯದ ನೌಕರಿಗೆ ಸೇರಿದವರು. ೧೯೫೬ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋದರೂ ಅವರು ಇಲ್ಲಿಯೇ ನಿಂತರು. ಈಗ ಅವರಿಲ್ಲ. ಪಿಂಚಣಿ ಕಾಗದದಲ್ಲಿ ಅಜ್ಜಿಯ ತವರಿನ ಹೆಸರು, ಆಧಾರ್ ಚೀಟಿಯಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಇಬ್ಬರೂ ಒಬ್ಬರೇ ಎನ್ನಲು ಸರ್ವಿಸ್ ಬುಕ್ಕೇ ಸಾಕ್ಷಿ. ಬುಕ್ಕನ್ನು ಗೆದ್ದಲು ತಿಂದು ವರ್ಷಗಳಾಗಿದ್ದವು. ಅದಕ್ಕೂ ಮೊದಲೇ ತೆಗೆದ ಚಿತ್ರ ಟೇಪಿನಲ್ಲಿತ್ತು. ಐದು ತಿಂಗಳಿಂದ ಅವರಿಗೆ ಹಣವಿಲ್ಲ.

“ಸಿಕ್ತೇನಪಾ ತಮ್ಮಾ?”

ಸಿಗಲಿಲ್ಲ. ಅಂದೇ ಯಂತ್ರದ ಕೈ ಅಲುಗದೆ ನಿಂತಿತು.

ಆ ಕೈಯನ್ನು ಆಡಿಸುವುದು ಕಂಟ್ರೋಲರ್. ಮಾಹಿತಿ ಹರಿಯುವ ದಾರಿ ಬೇರೆ, ‘ಇಂಥದ್ದನ್ನು ಎತ್ತು’ ಎಂಬ ಅಪ್ಪಣೆ ಹೋಗುವ ದಾರಿ ಬೇರೆ, ಅಪ್ಪಣೆಯೆಲ್ಲ ಕಂಟ್ರೋಲರಿಗೆ. ನಮ್ಮ ಲೈಬ್ರರಿಗೆ ಎರಡು ಕಂಟ್ರೋಲರ್‌ಗಳಿವೆ. ಒಂದು ದುಡಿಯುತ್ತಿದ್ದರೆ ಮತ್ತೊಂದು ಸುಮ್ಮನೆ ಕಾದಿರುತ್ತದೆ. ಮೊದಲನೆಯದು ಕೆಟ್ಟಿತ್ತು. ಎರಡನೆಯದು ಆಗಲೇ ಎದ್ದು ಅಧಿಕಾರ ವಹಿಸಿಕೊಂಡೂ ಇತ್ತು! ಆದರೆ ಅಪ್ಪಣೆ ಕೊಡುವ ಕಂಪ್ಯೂಟರಿಗೆ ಗೊತ್ತಿದ್ದುದು ಮೊದಲನೆಯದರ ಐಪಿ ವಿಳಾಸ ಮಾತ್ರ. ನಾವು ಬಾಡಿಗೆ ಮನೆ ಬಿಟ್ಟ ಮೇಲೂ ಊರಿನ ಪತ್ರಗಳು ಹಳೆಯ ಬಾಗಿಲನ್ನೇ ತಟ್ಟುವಂತೆ, ಅದು ಸತ್ತವನನ್ನೇ ಕರೆಯುತ್ತಿತ್ತು.

ಸಂಜೆ ಬಂದ ಎಂಜಿನಿಯರ್ ಹುಡುಗ ಹಳೆಯ ಫೈಲು ಕೇಳಿದ. ಲೈಬ್ರರಿ ಕೂರಿಸಿದ ದಿನದ ನಮೂನೆಯಲ್ಲಿ ವಿಳಾಸಕ್ಕೆ ಎರಡು ಸಾಲುಗಳಿದ್ದವು. ಎರಡನೆಯದರ ಎದುರು ‘ಆಮೇಲೆ’ ಎಂದಿತ್ತು. ಅಕ್ಷರ ದುಂಡಗಿತ್ತು, ನಮ್ಮದೇ. ಹುಡುಗ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅವನು ಕೆಟ್ಟ ಕಾರ್ಡನ್ನು ಬದಲಿಸಿದ. ಎರಡಕ್ಕೂ ಬೇರೆ ಬೇರೆ ವಿಳಾಸ ಕೊಟ್ಟು, ಎರಡನ್ನೂ ಕಂಪ್ಯೂಟರಿಗೆ ತಿಳಿಸಿದ. ಎರಡರ ತಂತಿಗಳೂ ಒಂದೇ ಸ್ವಿಚ್ಚಿನಲ್ಲಿದ್ದವು. ಆ ಸ್ವಿಚ್ಚು ಕೆಟ್ಟರೆ ಎರಡೂ ಮೂಕವಾಗುತ್ತಿದ್ದವೆಂದು ಹೇಳಿ, ಒಂದನ್ನು ಬೇರೆ ಸ್ವಿಚ್ಚಿಗೆ ಸಿಕ್ಕಿಸಿದ. ಇಷ್ಟಾದ ಮೇಲೆ, ಸರಿಯಾಗಿದ್ದ ಕಂಟ್ರೋಲರನ್ನು ಬೇಕೆಂದೇ ಆರಿಸಿಬಿಟ್ಟ. ನಮ್ಮ ಎದೆ ಧಸಕ್ಕೆಂದಿತು. ಕೆಲವು ನಿಮಿಷ ಯಾವ ಸದ್ದೂ ಇಲ್ಲ. ಆಮೇಲೆ ಕೈ ಅಲುಗಿತು. ಸಾಲುಸಾಲಾಗಿ ಬಾರ್‌ಕೋಡ್‌ಗಳನ್ನು ಓದುತ್ತ ಹೋಯಿತು. ಗಾಜಿನ ಮುಂದೆ ನಾವು ಹುಂಡಿ ಎಣಿಸುವುದನ್ನು ನೋಡುವ ಭಕ್ತರಂತೆ ನಿಂತಿದ್ದೆವು. ಹನ್ನೊಂದೂವರೆಗೆ ಸರ್ವಿಸ್ ಬುಕ್ಕಿನ ಪುಟ ತೆರೆಯಿತು. ಅಜ್ಜಿಯ ಎರಡು ಹೆಸರೂ ಒಂದೇ ಸಾಲಿನಲ್ಲಿದ್ದವು.

ಮರುದಿನ ಅಜ್ಜಿ ಪುಟದ ಪ್ರತಿಯನ್ನು ಮಡಿಸಿ ಸೆರಗಿನ ಗಂಟಿಗೆ ಸೇರಿಸಿದರು. ನಾವು ಅರ್ಜಿಯಲ್ಲಿ ಅವರ ಬಡೀ ಚೌಡಿಯ ವಿಳಾಸ ಬರೆಯುತ್ತಿದ್ದಾಗ, “ತಮ್ಮಾ, ಮಳಿಗಾಲದಾಗ ನಾ ರಾಯಚೂರಾಗ ಮಗಳ ಮನ್ಯಾಗಿರ್ತೀನಿ. ಅದನ್ನೂ ಬರ್ಕೋ” ಎಂದರು.

ಕೂಡಲೇ ಬರೆದುಕೊಂಡೆವು.