ಕುಂಟೆತ್ತಿನ ಸಂಪಾದನೆ

ಕಾರಹುಣ್ಣಿಮೆಗೆಂದು ಊರಿಗೆ ಬಂದ ಸೋದರಳಿಯನು ತಾನೇ ಮಾಡಿದುದೆಂದು ನನ್ನ ಮೇಜಿನ ಮೇಲಿರಿಸಿದ ಪಿಂಗಾಣಿಯ ಎತ್ತು ನೀಲವರ್ಣದ್ದಾಗಿದ್ದು, ಕಿಟಕಿಯ ಬೆಳಕೆಲ್ಲ ಅದರ ಇಣಿಯ ಮೇಲೆ ಬಿದ್ದು ಜಾರುತ್ತಿತ್ತು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ಚಲೋ ಐತಿ ಬಿಡಪಾ, ಆದರ ಮಳ್ಯಾಗ ಕರಗೂದಿಲ್ಲಲ್ಲ ಇದು!” ಎಂದು ಅದರ ಗುಣವನ್ನೇ ಕೊರತೆಯಾಗಿ ಎಣಿಸಿದಳು.

ಒಮ್ಮೆ ಸುಟ್ಟ ಗೊಂಬೆಯನ್ನು, ಗಾಜಾಗಬಲ್ಲ ಪುಡಿಯನ್ನು ಕಲಸಿದ ನೀರಿನಲ್ಲಿ ಅದ್ದಿ ಮರಳಿ ಬೆಂಕಿಗಿಟ್ಟರೆ, ಪುಡಿಯು ಕರಗಿ ಹರಿದು, ಆರುವಾಗ ಮೈಗಂಟಿದ ಗಾಜಾಗುತ್ತದೆ. ಆದರೆ ಪಾದಗಳ ಲೇಪವನ್ನು ಮಾತ್ರ ಮೊದಲೇ ಒರೆಸಿಬಿಡಬೇಕು, ಇಲ್ಲವಾದರೆ ಎತ್ತು ಆವಿಗೆಯ ಹಲಗೆಗೇ ಅಂಟಿಕೊಂಡು, ಬಿಡಿಸಹೋದವರ ಕೈಗೆ ಕಾಲು ಮುರಿದು ಬರುವುದು. ಬುಡಮೇಲು ಮಾಡಿ ನೋಡಿದೆ: ಗೊರಸಿನಡಿಯಲ್ಲಿ ಅಪ್ಪಟ ಮಣ್ಣು.

ನವಲಗುಂದ ಸೀಮೆಯ ನಮ್ಮ ಎರೆಮಣ್ಣಿಗೆ ಈ ವೈಭವವು ಸುಲಭವಾಗಿ ಒದಗುವಂತಿಲ್ಲ. ನೀರುಂಡರೆ ಉಬ್ಬುವ, ಒಣಗಿದರೆ ಬಿರಿಯುವ, ಒಡಲಲ್ಲಿ ಸುಣ್ಣದ ಹರಳುಗಳನ್ನು ಬಚ್ಚಿಟ್ಟುಕೊಂಡ ಆ ಮಣ್ಣನ್ನು ಸುಟ್ಟರೆ, ಹರಳು ಬೆಂದು ಸುಣ್ಣವಾಗಿ, ಬಳಿಕ ಗಾಳಿಯ ತೇವವನ್ನೇ ಹೀರಿ ಹಿಗ್ಗಿ, ಗೊಂಬೆಯ ಮೈಯನ್ನು ಒಳಗಿನಿಂದಲೇ ಸಿಡಿಸುತ್ತದೆ. ಜ್ಯೇಷ್ಠದ ಅಮಾವಾಸ್ಯೆಗೆ ಕುಂಬಾರನು ಮನೆಮನೆಗೆ ತಂದಿತ್ತು ಜೋಳ ಕೊಂಡೊಯ್ಯುತ್ತಿದ್ದ ಜೋಡೆತ್ತುಗಳೂ ಅವುಗಳ ಗ್ವಾದಲಿಯೂ ಹಸಿಮಣ್ಣಿನವೇ. ಒದ್ದೆ ಬೆರಳಿನಿಂದ ನೇವರಿಸಿ ನುಣುಪು ಮಾಡಿ, ಸುಣ್ಣ ಬಳಿದು, ಕೆಮ್ಮಣ್ಣಿನ ಗೆರೆಯೆಳೆದು, ಹಣೆಗೆ ಜೋಳವನ್ನೂ ಕೊರಳಿಗೆ ಕುಸುಬಿಯ ಕಾಳನ್ನೂ ಒತ್ತಿದರೆ ಅವುಗಳ ಸಿಂಗಾರವು ಮುಗಿಯಿತು.

ಹಸಿಮಣ್ಣು ಬಾಳದೆಂದು ಹಳಿಯುವವರಿಗೆ ನಾನು ಇನಾಮಗಾಂವದ ಹೆಸರು ಹೇಳುವುದುಂಟು. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ ಘೋಡ ನದಿಯ ದಂಡೆಯಲ್ಲಿ ಅಗೆಯುತ್ತಿದ್ದಾಗ, ಪುರಾತನ ಮನೆಯೊಂದರ ನೆಲದಡಿಯಲ್ಲಿ ಮುಚ್ಚಳವುಳ್ಳ ಮಣ್ಣಿನ ಕರಂಡಕವೊಂದೂ, ತಲೆಯಿಲ್ಲದ ದೇವಿಯೊಬ್ಬಳೂ, ಒಂದು ಗೂಳಿಯೂ ದೊರೆತುವು; ದೇವಿಯ ಹೊಟ್ಟೆಯಲ್ಲೊಂದು ರಂಧ್ರ, ಗೂಳಿಯ ಬೆನ್ನಿನಲ್ಲೊಂದು ರಂಧ್ರ, ನಡುವೆ ಕಡ್ಡಿಯೊಂದನ್ನು ಸಿಕ್ಕಿಸಿದರೆ ದೇವಿಯು ಸವಾರಿಗೆ ಸಿದ್ಧಳು. ಸುಡದ ಮಣ್ಣಿನ ಆ ಗೊಂಬೆಗಳು ಮೂರು ಸಹಸ್ರ ವರ್ಷಗಳನ್ನು ಕಳೆದಿದ್ದುವು! ಆ ಕಡ್ಡಿಯನ್ನು ಸೀವಿದವರಾರು, ಮನೆಯ ಹಿರಿಯಳೋ, ಅಟ್ಟಿಸಿದರೂ ಹೋಗದ ಹುಡುಗನೋ ಎಂದು ಯೋಚಿಸುತ್ತ ನಾನು ಎಷ್ಟೋ ಸಂಜೆಗಳನ್ನು ಸುಖವಾಗಿ ವ್ಯರ್ಥಗೊಳಿಸಿದ್ದೇನೆ. ಆದರೂ ಆ ಗೂಳಿಯ ವಿಷಯದಲ್ಲಿ ನನಗೆ ಮರುಕವುಂಟು: ಅಷ್ಟು ದೀರ್ಘಾಯುಷ್ಯವನ್ನು ಪಡೆದೂ ಅದು ಒಂದು ಮುಂಗಾರನ್ನಾದರೂ ಕಾಣಲಿಲ್ಲ, ಒಂದು ಬೀದಿಯನ್ನಾದರೂ ತಿರುಗಲಿಲ್ಲ.

ನಮ್ಮ ಎತ್ತುಗಳಿಗೆ ಅಂತಹ ಸೆರೆಯಿರಲಿಲ್ಲ. ಅಮಾವಾಸ್ಯೆಯ ಮರುದಿನ ಹುಡುಗರು ಒಂದೆತ್ತಿನ ಕಾಲನ್ನು ಬೇಕೆಂದೇ ಮುರಿದು, ಮಣೆಯ ಮೇಲೆ ಕುಳ್ಳಿರಿಸಿ, ಕುಂಟೆತ್ತು ಬಂದಿದೆಯೆಂದು ಹಾಡುತ್ತ ಬಾಗಿಲು ಬಾಗಿಲಿಗೆ ಹೊತ್ತು, ಬೇಡಿದ ಕಾಳಿನಿಂದ ಅಡುಗೆ ಮಾಡಿಸಿಕೊಂಡು ಬೆಣ್ಣೆಹಳ್ಳದ ದಂಡೆಯಲ್ಲಿ ಉಂಡು, ನೀರಿದ್ದರೆ ಎತ್ತನ್ನು ಅದಕ್ಕೇ ಒಪ್ಪಿಸಿ ಬರುತ್ತಿದ್ದೆವು. ಕಾಲು ಮುರಿಯುವ ಅಧಿಕಾರಕ್ಕಾಗಿ ನಮ್ಮೊಳಗೆ ಯುದ್ಧಗಳೇ ನಡೆದುವು. ಸಿಂಗರಿಸಿಕೊಂಡು ದೇವರ ಜಗಲಿಯನ್ನೇರಿದ ಎತ್ತುಗಳು ಹೋಳಿಗೆಯ ನೈವೇದ್ಯವನ್ನು ಸ್ವೀಕರಿಸಿದುವೇ ಹೊರತು ದುಡಿದುದನ್ನು ನಾನು ಕಾಣೆ; ಓಣಿಯ ಹುಡುಗರ ಹೊಟ್ಟೆ ತುಂಬುವಷ್ಟು ಸಂಪಾದಿಸಿದುದು ಆ ಕಾಲು ಮುರಿದ ಎತ್ತೊಂದೇ.