ಗ್ರೇಡ್ ಮೂರರ ಅಜ್ಜಿ

ಡಾರ್ಕ್‌ರೂಮಿನ ಕೆಂಪು ಬೆಳಕಲ್ಲಿ ಚಿತ್ರ ಮೂಡೋ ವಿಡಿಯೋ ಹಾಕಿದ್ರೆ ಲೈಕುಗಳು ಬೀಳ್ತಾವೆ. ಆದ್ರೆ ಆ ಚಿತ್ರ ಹೇಗಿರಬೇಕು ಅನ್ನೋದು ಪೇಪರ್ ಆರಿಸುವಾಗಲೇ ಅರ್ಧ ತೀರ್ಮಾನ ಆಗಿರತ್ತೆ.

ಈ ಪೇಪರ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಆರ್‌ಸಿ ಪೇಪರ್‌ಗೆ ಎರಡೂ ಬದಿ ತೆಳು ಪ್ಲಾಸ್ಟಿಕ್ ಪದರ. ಕೆಮಿಕಲ್ ಒಳಗೆ ಇಳಿಯಲ್ಲ, 2 ನಿಮಿಷ ತೊಳೆದ್ರೆ ಸಾಕು, ಒಣಗಿದ ಮೇಲೂ ಚಪ್ಪಟೆ. ಫೈಬರ್ ಅಂದ್ರೆ ಅಪ್ಪಟ ಕಾಗದ. ಹೈಪೋ ಪೂರ್ತಿ ಹೀರ್ಕೊಳತ್ತೆ, ಹರಿಯೋ ನೀರಲ್ಲಿ ಗಂಟೆಗಟ್ಟಲೆ ತೊಳೀಬೇಕು, ಒಣಗುವಾಗ ಹಪ್ಪಳದ ಥರ ಮುದುರಿಕೊಳ್ಳತ್ತೆ. ಆದ್ರೂ ಸರಿಯಾಗಿ ತೊಳೆದ ಫೈಬರ್ ಪ್ರಿಂಟು ನಮಗಿಂತ ಹೆಚ್ಚು ಕಾಲ ಬಾಳತ್ತೆ. 2005ರಲ್ಲಿ ಕೊಡಾಕ್ ಕಪ್ಪು-ಬಿಳುಪು ಪೇಪರ್ ಕೈಬಿಟ್ಟ ಮೇಲೆ ಇಂಗ್ಲೆಂಡಿನ ಇಲ್ಫರ್ಡ್, ಚೆಕ್ ದೇಶದ ಫೋಮಾದಂಥ ಕೆಲವೇ ಕಂಪನಿಗಳು ಉಳಿದಿವೆ. ಒಂದೊಂದು ಹಾಳೆಯನ್ನೂ ಯೋಚಿಸಿ ಬಳಸಬೇಕು.

ಆಮೇಲೆ ಗ್ರೇಡು. ಮಲ್ಟಿಗ್ರೇಡ್ ಪೇಪರ್ ಇದ್ರೆ ಒಂದೇ ಡಬ್ಬ ಸಾಕು. ಎನ್‌ಲಾರ್ಜರ್‌ಗೆ ಹಳದಿ ಫಿಲ್ಟರ್ ಹಾಕಿದ್ರೆ ಚಿತ್ರ ಮೃದು, ಮೆಜೆಂಟಾ ಹಾಕಿದ್ರೆ ಗಡಸು. 00ಯಿಂದ 5ರವರೆಗೆ ಅಳತೆ.

ಇದೆಲ್ಲ ನನಗೆ ಬರೀ ಟೆಕ್ನಿಕಲ್ ವಿಷಯವಾಗಿತ್ತು, ಅಮ್ಮ ಒಂದು ನೆಗೆಟಿವ್ ಕೊಡೋವರೆಗೆ. ಹಿತ್ತಲಲ್ಲಿ ನಿಂತಿರೋ ಅಜ್ಜಿ. ಅವರದ್ದು ಇರೋದು ಅದೊಂದೇ ಚಿತ್ರ, ಅದೂ ಬೆಳಕು ಸಾಲದೆ ತೆಳುವಾದ ನೆಗೆಟಿವ್. ಆರ್‌ಸಿ ಹಾಳೆಗಳ ಮೇಲೆ ಟೆಸ್ಟ್ ಮಾಡಿದೆ. ಗ್ರೇಡ್ 2ರಲ್ಲಿ ಎಲ್ಲವೂ ಬೂದಿ ಬೂದಿ. 4ರಲ್ಲಿ ಸೀರೆಯ ಅಂಚು ಎದ್ದು ಬಂತು, ಕಣ್ಣು ಹೊಳೀತು. ಇದೇ ಫೈನಲ್ ಅಂದ್ಕೊಂಡು ಅಮ್ಮನಿಗೆ ತೋರಿಸಿದೆ.

ಅಮ್ಮ ತುಂಬ ಹೊತ್ತು ನೋಡಿದಳು. "ಚೆನ್ನಾಗಿದೆ ಕಣೇ. ಆದ್ರೆ ನಮ್ಮಮ್ಮನ ಕೆನ್ನೆ ಇಷ್ಟು ನುಣ್ಣಗಿರಲಿಲ್ಲ."

ನಿಜ. ಗಡಸು ಗ್ರೇಡು ಸೀರೆ ಅಂಚನ್ನು ಕೊಟ್ಟು ಸುಕ್ಕುಗಳನ್ನು ಬಿಳಿಯಲ್ಲಿ ಅಳಿಸಿಹಾಕಿತ್ತು. ನನಗೆ ಅಜ್ಜಿಯ ನೆನಪೇ ಇಲ್ಲ, ಯಾವುದನ್ನು ಬಿಟ್ಟುಕೊಡಬಾರದು ಅಂತ ನನಗೆ ಹೇಗೆ ಗೊತ್ತಾಗಬೇಕು? ಗ್ರೇಡ್ 3ರಲ್ಲಿ ಸುಕ್ಕು ವಾಪಸ್ ಬಂತು, ಸೀರೆ ಅಂಚು ಸ್ವಲ್ಪ ಮಂಕಾಯ್ತು. "ಹಾಂ, ಇವಳು," ಅಂದಳು ಅಮ್ಮ.

ಕೊನೇ ಪ್ರಿಂಟು ಫೈಬರ್ ಮೇಲೆ. ಟ್ಯಾಂಕರ್ ನೀರು ತರಿಸೋ ಅಪಾರ್ಟ್‌ಮೆಂಟಲ್ಲಿ ಒಂದು ಗಂಟೆ ನಲ್ಲಿ ಬಿಡೋಕಾಗತ್ತಾ? ಇಲ್ಫರ್ಡ್‌ನವರೇ ಹೇಳೋ ದಾರಿ ಇದೆ: ಫಿಕ್ಸರ್‌ನಲ್ಲಿ ಒಂದೇ ನಿಮಿಷ, 5 ನಿಮಿಷ ನೀರು, 10 ನಿಮಿಷ ವಾಷ್‌ಏಡ್, ಮತ್ತೆ 5 ನಿಮಿಷ ನೀರು. ಫೈಬರ್ ಒಣಗಿದಾಗ ಒಂದು ಛಾಯೆ ಕಪ್ಪಾಗತ್ತೆ, ಅದಕ್ಕೇ ಮುಖವನ್ನು ತುಸು ತಿಳಿಯಾಗೇ ಬಿಟ್ಟೆ.

ನಿಮ್ಮನೆ ಅಟ್ಟದ ಮೇಲೂ ನೆಗೆಟಿವ್ ಇರೋ ಡಬ್ಬ ಇರಬಹುದು. ಆ ಮುಖಗಳನ್ನು ಕಣ್ಣಾರೆ ಕಂಡವರು ಮನೇಲಿರುವಾಗಲೇ ಪ್ರಿಂಟ್ ಹಾಕಿ. ಪೇಪರ್ ಅಂಗಡೀಲಿ ಸಿಗತ್ತೆ, ಗ್ರೇಡ್ ಎಷ್ಟು ಅಂತ ಅವರೇ ಹೇಳಬೇಕು.